ಅಘನಾಶಿನಿಯ ಉಪ್ಪು

ಮೀನಿನ ಲೆಕ್ಕ ಅಂದರೆ ಬಲೆಗೆ ಬಿದ್ದದ್ದನ್ನು ಎಣಿಸುವುದು ಮಾತ್ರ ಅಲ್ಲ. ಬಲೆಯ ಕಣ್ಣು ಎಷ್ಟು ದೊಡ್ಡದು, ಉಬ್ಬರವೋ ಇಳಿತವೋ, ಅಮಾವಾಸ್ಯೆ ಹತ್ತಿರವೋ, ಎಲ್ಲ ಬರೆದಿಡಬೇಕು. ಇಲ್ಲದಿದ್ದರೆ ಈ ವರ್ಷದ ಎಣಿಕೆಯನ್ನು ಹೋದ ವರ್ಷದ್ದಕ್ಕೆ ಹೋಲಿಸಲು ಆಗುವುದೇ ಇಲ್ಲ.

ನೀರಿನ ಉಪ್ಪೂ ಆ ಲೆಕ್ಕಕ್ಕೆ ಸೇರಿದ್ದೇ. ಇವತ್ತು ಉತ್ತರ ಕನ್ನಡದ ತದಡಿಯಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಅದನ್ನೇ ಅಳೆಯುತ್ತಿದ್ದೆವು. ದೋಣಿ ನಡೆಸುವ ಅಣ್ಣ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, "ಇನ್ನೂ ಸಿಹಿನೀರೇ ಜಾಸ್ತಿ" ಎಂದರು. ಮೀಟರ್ ಕೂಡ ಅದನ್ನೇ ತೋರಿಸಿತು! ಅವರ ನಾಲಿಗೆಯ ಮೇಲೆ ನನಗೆ ತುಂಬ ಗೌರವ.

ಸಮುದ್ರದ ಒಂದು ಲೀಟರ್ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಮಳೆಗಾಲದಲ್ಲಿ ಅಳಿವೆಯಲ್ಲಿ ಅದು ತೀರಾ ಇಳಿಯುತ್ತದೆ, ಬೇಸಿಗೆಗೆ ಮತ್ತೆ ಏರುತ್ತದೆ. ಸಿಗಡಿ ಮೊಟ್ಟೆಯಿಡುವುದು ಸಮುದ್ರದಲ್ಲಿ, ಮರಿ ಬೆಳೆಯುವುದು ಇಲ್ಲಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವೆ. ಬಳಚು ಎಂಬ ಚಿಪ್ಪಿನ ಜೀವಿಗೂ ಉಪ್ಪಿನ ಈ ಏರಿಳಿತ ಬೇಕು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ಹಾಗಾಗಿ ಇದು ಇನ್ನೂ ನಡೆದಿದೆ. ಪಕ್ಕದ ಶರಾವತಿಯಲ್ಲಿ ಕರೆಂಟಿಗಾಗಿ ವರ್ಷವಿಡೀ ಸಿಹಿನೀರು ಬಿಡುತ್ತಾರೆ, ಅಳಿವೆಯ ಉಪ್ಪೇ ಕಡಿಮೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದಾಗ ನನಗೆ ಹಬ್ಬದಷ್ಟು ಖುಷಿಯಾಗಿತ್ತು.

ಆದರೆ ಅಳಿವೆಯೊಂದನ್ನೇ ಕಾದರೆ ಸಾಲದು ಅಲ್ವಾ? ಈ ನೀರು ಹುಟ್ಟುವುದು ಶಿರಸಿ ಕಡೆ. ಅಲ್ಲಿನ ಸ್ನೇಹಿತರೇ, ಮೊದಲ ಮಳೆಗೆ ನಿಮ್ಮ ಹಳ್ಳಗಳಿಗೆ ಹತ್ತುಮೀನು, ಅಂದರೆ ಹರಿವಿಗೆ ಎದುರಾಗಿ ಮೇಲೆ ಹತ್ತಿ ಬರುವ ಮೀನು, ಈಗಲೂ ಬರುತ್ತವಾ? ನೋಡಿದ್ದರೆ ಯಾವ ಹಳ್ಳ, ಯಾವ ತಿಂಗಳು ಅಂತ ತಿಳಿಸಿ.