ಇನ್ನೊಂದು ಭೂಮಿ ಸಿಕ್ತಾ?

ನನ್ನ ಹತ್ತಿರ ಟೆಲಿಸ್ಕೋಪ್ ಇದೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಇನ್ನೊಂದು ಭೂಮಿ ಸಿಕ್ತಂತಲ್ಲ, ಯಾವಾಗ ಹೋಗೋದು?" ಮೊನ್ನೆ ಮದುವೆ ಊಟಕ್ಕೆ ಕೂತಾಗ ಪಕ್ಕದವರಂತೂ "ಅಲ್ಲಿ ಸೈಟ್ ರೇಟ್ ಎಷ್ಟಿರಬಹುದು?" ಅಂದರು. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಹೋಳಿಗೆ ಬದಿಗಿಟ್ಟು ಉತ್ತರ ಶುರುಮಾಡಿದೆ. ಅಷ್ಟರಲ್ಲಿ ಅವರು ಬಡಿಸುವವರನ್ನು ಕರೆದು ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಅದಕ್ಕೇ ಬರೆದಿಡುತ್ತಿದ್ದೇನೆ.

ಸಿಕ್ಕಿಲ್ಲ. ಹೋಗುವುದೂ ಇಲ್ಲ. ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.2 ಜ್ಯೋತಿರ್ವರ್ಷ ದೂರ. ಅಂದರೆ ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು 4.2 ವರ್ಷ ಬೇಕು. ಅದಕ್ಕೊಂದು ಗ್ರಹ ಇದೆ ಅಂತ 2016ರಲ್ಲಿ ಗೊತ್ತಾಯಿತು. ಸೌರವ್ಯೂಹದಿಂದ ಆಚೆಗೆ ಹೊರಟಿರುವ ವಾಯೇಜರ್-1 ನೌಕೆ ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಹೋಗಲು 70 ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು.

ನನಗೆ ಸಿಟ್ಟು ಬರುವುದು "ಭೂಮಿಯಂಥ" ಅನ್ನುವ ಮಾತಿಗೆ. 2015ರಲ್ಲಿ ಕೆಪ್ಲರ್-452ಬಿ ಅನ್ನುವ ಗ್ರಹದ ಸುದ್ದಿ ಬಂತು. ಅದರ ವರ್ಷ 385 ದಿನ, ಅಗಲ ಭೂಮಿಯ ಒಂದೂವರೆ ಪಟ್ಟಿಗಿಂತ ಚೂರು ಜಾಸ್ತಿ. ನೀರಿದೆಯೋ, ಗಾಳಿಯಿದೆಯೋ, ಕಾಲಿಡಲು ನೆಲವಾದರೂ ಇದೆಯೋ ಯಾರಿಗೂ ಗೊತ್ತಿಲ್ಲ.

ಅಷ್ಟು ದೂರದ್ದು ಗೊತ್ತಾಗುವುದಾದರೂ ಹೇಗೆ ಅಂತ ಒಬ್ಬರೂ ಕೇಳಲ್ಲ. ನಾನು ಕಾಯುತ್ತಿರುವುದು ಆ ಪ್ರಶ್ನೆಗೆ. 2012ರ ಜೂನ್ 6ರ ಬೆಳಗ್ಗೆ ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಯಿತು. ತಾರಸಿ ಮೇಲೆ ಬೈನಾಕ್ಯುಲರ್ ಕಟ್ಟಿ, ಸೂರ್ಯನ ಬಿಂಬವನ್ನು ಬಿಳಿ ಹಾಳೆ ಮೇಲೆ ಬೀಳಿಸಿದ್ದೆ. ಕಾಫಿ ಲೋಟದ ಬಾಯಿಯಷ್ಟು ಸೂರ್ಯ, ಅದರೊಳಗೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಅಮ್ಮ ಕೊಳೆ ಅಂದುಕೊಂಡು ಸೆರಗಿನಿಂದ ಒರೆಸಲು ಹೋದಳು. ಚುಕ್ಕೆ ಸೆರಗಿನ ಮೇಲೆ ಬಂದು ಕೂತಿತು. "ಹೋಗ್ತಾನೇ ಇಲ್ವಲ್ಲೋ!" ಅಂದಳು.

ಕೆಪ್ಲರ್-452ಬಿಯನ್ನು ಪತ್ತೆಮಾಡಿದ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ ಹುಡುಕಿದ್ದು ಇಂಥದ್ದೇ ಚುಕ್ಕೆಗಳನ್ನು. ಆದರೆ ಅದಕ್ಕೆ ಚುಕ್ಕೆ ಕಾಣುತ್ತಿರಲಿಲ್ಲ, ನಕ್ಷತ್ರದ ಬೆಳಕು ಒಂದಿಷ್ಟು ಕಮ್ಮಿಯಾದದ್ದು ಮಾತ್ರ ತಿಳಿಯುತ್ತಿತ್ತು. ದೂರದಿಂದ ನೋಡುವವರಿಗೆ ನಮ್ಮ ಭೂಮಿ ಸೂರ್ಯನಿಗೆ ಅಡ್ಡ ಬಂದರೆ 10 ಲಕ್ಷ ಪಾಲು ಬೆಳಕಿನಲ್ಲಿ ಕಮ್ಮಿಯಾಗುವುದು ಬರೀ 84 ಪಾಲು. ಅದೂ ವರ್ಷಕ್ಕೊಮ್ಮೆ, ಹೆಚ್ಚೆಂದರೆ 13 ಗಂಟೆ. ಒಂದು ಸಲ ಕಂಡರೆ ನಂಬುವ ಹಾಗಿಲ್ಲ, ಮೂರು ಸಲವಾದರೂ ಕಾಣಬೇಕು. ಒಂದೂವರೆ ಲಕ್ಷ ನಕ್ಷತ್ರಗಳನ್ನು ಕೆಪ್ಲರ್ ನಾಲ್ಕು ವರ್ಷ ಹೀಗೆ ಕಾದು ನೋಡಿತು. ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಷ್ಟಾದರೂ, ಅಷ್ಟು ದೂರದಿಂದ ಭೂಮಿಗೂ ಅಮ್ಮ ಒರೆಸಲು ಹೋದ ಶುಕ್ರನಿಗೂ ಅಳತೆಯಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಅಗಲದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಶುಕ್ರನ ನೆಲದ ಮೇಲೆ ಸೀಸ ಕರಗುವಷ್ಟು ಬಿಸಿ. ಅದಕ್ಕೇ ಈಗ ಅಗಲ ಅಳೆದು ಸುಮ್ನಾಗದೆ ಗಾಳಿಯನ್ನೂ ಹುಡುಕುತ್ತಿದ್ದಾರೆ. 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ನಕ್ಷತ್ರಕ್ಕೆ ಏಳು ಗ್ರಹಗಳಿವೆ. ಜೇಮ್ಸ್ ವೆಬ್ ದೂರದರ್ಶಕ ಒಳಗಿನ ಎರಡನ್ನು ನೋಡಿತು. ಶುಕ್ರನಂಥ ದಟ್ಟ ಗಾಳಿ ಅಲ್ಲಿ ಸಿಗಲಿಲ್ಲ. ನನ್ನ ಆಸೆ ಎಲ್ಲ, ನೀರು ಹರಿಯಬಹುದಾದಷ್ಟು ಹಿತವಾದ ದೂರದಲ್ಲಿರುವ ನಾಲ್ಕನೆಯದರ ಮೇಲೆ.