ಆಲೆಮನೆಯ ತಾತ, ಈಗ ಕಂಪ್ಯೂಟರಿನಲ್ಲಿ

ಬೀರುವಿನಲ್ಲಿದ್ದ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಲು ಕೂತಿದ್ದೇನೆ. ಅಕ್ಕನ ಮದುವೆ, ತಮ್ಮನ ನಾಮಕರಣ, ಮತ್ತೆ ಮಂಡ್ಯದ ಹತ್ತಿರದ ನಮ್ಮೂರಿನ ಆಲೆಮನೆ. ಮದುವೆಗೆ ಬಂದಿದ್ದ ವಿಡಿಯೊದವರು ಟೇಪ್ ಉಳಿದಿದೆ ಎಂದು ಅದನ್ನೂ ಹಿಡಿದಿದ್ದರು. ಕೊಪ್ಪರಿಗೆ ಪಕ್ಕ ನಿಂತ ತಾತ "ಪಾಕ ಬಂತು ಕಣ್ರೋ, ಇಳಿಸ್ರೋ" ಎಂದು ಕೂಗುತ್ತಾರೆ. ತಾತನ ದನಿ ಉಳಿದಿರುವುದು ಇದೊಂದರಲ್ಲೇ.

ಈ ಕೆಲಸದಲ್ಲಿ ಆತುರ ನಡೆಯುವುದಿಲ್ಲ. ಮೂರು ಗಂಟೆಯ ಟೇಪ್ ಮೂರು ಗಂಟೆ ಓಡಲೇಬೇಕು. ಕ್ಯಾಸೆಟ್ ಓಡಿಸುವ ವಿಸಿಆರ್‌ನಿಂದ ಹಳದಿ, ಬಿಳಿ, ಕೆಂಪು ವೈರು ಕ್ಯಾಪ್ಚರ್ ಡಿವೈಸಿಗೆ (ಚಿತ್ರ, ದನಿ ಎರಡನ್ನೂ ಡಿಜಿಟಲ್ ಮಾಡುವ ಪುಟ್ಟ ಸಾಧನ), ಅಲ್ಲಿಂದ ಕಂಪ್ಯೂಟರಿನ ಯುಎಸ್‌ಬಿಗೆ. ನಮ್ಮ ಕಡೆಯವು ಪಾಲ್ ಎಂಬ ಟಿವಿ ಪದ್ಧತಿಯ ಟೇಪುಗಳು. ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಚಿತ್ರ, ಒಂದೊಂದರಲ್ಲೂ 576 ಗೆರೆ. ಅಷ್ಟನ್ನೇ ಇಟ್ಟುಕೊಳ್ಳಿ. ಎಚ್‌ಡಿ ಮಾಡಿಕೊಡ್ತೀವಿ ಅಂದರೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಟೇಪಿನಲ್ಲೇ ಇಲ್ಲದ ವಿವರ ಎಲ್ಲಿಂದ ಬರಬೇಕು, ಅಲ್ವಾ?

ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ. ಟೇಪ್ ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಮೊದಲು ಗೊತ್ತಿದ್ದವರಿಂದ ಶುಚಿ ಮಾಡಿಸಿ. ಮಷಿನ್ ಕೆಟ್ಟರೆ ಹೊಸದು ತರೋಣ ಅನ್ನುವ ಹಾಗಿಲ್ಲ. ಕೊನೆಗೆ ಉಳಿದಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲೇ ವಿಸಿಆರ್ ತಯಾರಿಸುವುದನ್ನು ನಿಲ್ಲಿಸಿತು. ಹಾಗಾಗಿ ನಿಮ್ಮ ಮನೆಯದನ್ನೂ ಮುಂದೂಡಬೇಡಿ.

ಫೈಲನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ, ಒಂದು ಬೇರೆಯವರ ಮನೆಯಲ್ಲಿರಲಿ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿ ಚಿತ್ರ ಸೊರಗುತ್ತದೆ. ಅಕ್ಕನಿಗೆ ಪೆನ್‌ಡ್ರೈವಿನಲ್ಲೇ ಕೊಡುತ್ತೇನೆ.