ಫಿಟ್ ಟು ಪೇಜ್

ಹಾಲ್ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದ ಮೇಲೆ ಅಲ್ಲೊಂದು ಫ್ಲೆಮಿಂಗೋ ನಿಲ್ಲಿಸಬೇಕು ಅನ್ನಿಸಿತು. ಜಾನ್ ಜೇಮ್ಸ್ ಆಡುಬಾನ್ ಎಂಬ ಚಿತ್ರಕಾರ ಬಿಡಿಸಿದ್ದು. ಅವನು 1827ರಿಂದ 1838ರವರೆಗೆ ಅಮೆರಿಕದ ಹಕ್ಕಿಗಳ 435 ಚಿತ್ರಗಳನ್ನು ಅಚ್ಚು ಹಾಕಿಸಿದ. ಫ್ಲೆಮಿಂಗೋ 431ನೆಯದು. ಈಗ ಎಲ್ಲವೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಪೆನ್‌ಡ್ರೈವಿಗೆ ಹಾಕಿಕೊಂಡು ಮನೆ ಹತ್ತಿರದ ಫ್ಲೆಕ್ಸ್ ಅಂಗಡಿಗೆ ಹೋದೆ.

ಅಂಗಡಿ ಹುಡುಗ ಯಾರೋ ಲೀಡರಿನ ಹುಟ್ಟುಹಬ್ಬದ ಬ್ಯಾನರಿಗೆ ಮೀಸೆ ತಿದ್ದುತ್ತಿದ್ದ. ಉದ್ದ 39.5 ಇಂಚು, ಅಗಲ 26.5 ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಆ ಅಳತೆಯ ಹಾಳೆಗೆ ಆಗ ಡಬಲ್ ಎಲಿಫೆಂಟ್ ಅಂತ ಹೆಸರಿತ್ತು ಅಂದೆ. "ಆನೆ ಸೈಜಾ ಸಾರ್?" ಎಂದು ನಕ್ಕ.

ಕಾಫಿ ಕುಡಿದು ಬರುವಷ್ಟರಲ್ಲಿ ಪ್ರಿಂಟ್ ರೆಡಿ. ಆದರೆ ಏನೋ ಸಣ್ಣದಾಯಿತಲ್ಲ?

"24 ಇಂಚಿನ ರೋಲಿತ್ತು ಸಾರ್. ಫಿಟ್ ಟು ಪೇಜ್ ಕೊಟ್ಟೆ. ಎರಡೂವರೆ ಇಂಚಿಗೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಾ?"

ಅಲ್ಲೇ ಇರೋದು ವಿಷಯ. ಆಡುಬಾನ್ ಒಂದು ಹಕ್ಕಿಯನ್ನೂ ಕುಗ್ಗಿಸಲಿಲ್ಲ. ಗುಬ್ಬಿಯಿರಲಿ, ಹದ್ದಿರಲಿ, ಇದ್ದಷ್ಟೇ ಗಾತ್ರ. ಹೊಡೆದು ತಂದ ಹಕ್ಕಿಯನ್ನು ಚೌಕ ಗೆರೆ ಎಳೆದ ಹಲಗೆಗೆ ತಂತಿಯಿಂದ ಸಿಕ್ಕಿಸಿ ಬಿಡಿಸುತ್ತಿದ್ದ. (ಹಕ್ಕಿಪ್ರೇಮಿ ಅಂತ ಅವನನ್ನು ಕರೆಯುವಾಗ ನನಗೆ ಸ್ವಲ್ಪ ಇರುಸುಮುರುಸು.) ಫ್ಲೆಮಿಂಗೋಗಳನ್ನು 1832ರಲ್ಲಿ ಫ್ಲಾರಿಡಾದಲ್ಲಿ ಕಂಡನಂತೆ, ಬಂದೂಕಿಗೆ ಸಿಗಲಿಲ್ಲ. ಆಮೇಲೆ ಸತ್ತ ಹಕ್ಕಿ ಕ್ಯೂಬಾದಿಂದ ಬಂತು. ನೆಟ್ಟಗೆ ನಿಂತರೆ ಅದು ನಾಲ್ಕು ಅಡಿ ದಾಟುತ್ತದೆ. ಹಾಳೆ ಮೂರಡಿ ಚಿಲ್ಲರೆ. ಏನು ಮಾಡಿದ? ಕತ್ತನ್ನು ನೆಲದ ಕಡೆಗೆ ಬಗ್ಗಿಸಿಬಿಟ್ಟ. ಫ್ಲೆಮಿಂಗೋ ಮೇಯುವುದೂ ತಲೆ ತಗ್ಗಿಸಿಯೇ ಅಲ್ವಾ, ಯಾರಿಗೂ ಅನುಮಾನವೇ ಬರಲ್ಲ!

ಇದನ್ನೆಲ್ಲ ಹೇಳಿದೆ. ಹುಡುಗನಿಗೆ ಎಷ್ಟು ಹಿಡಿಸಿತೋ, ಗೊಣಗುತ್ತಲೇ 36 ಇಂಚಿನ ರೋಲ್ ಏರಿಸಿದ.

ಮಷೀನು ಮೇಲಿನಿಂದ ಸಾಲು ಸಾಲಾಗಿ ಇಳಿಸತೊಡಗಿತು. ಮೊದಲು ಬಂದದ್ದು ಆಕಾಶ. ಅದರ ತುಂಬ ಕೊಕ್ಕು, ನಾಲಿಗೆ, ಪಾದದ ಬರೀ ಗೆರೆಚಿತ್ರಗಳು. "ಸಾರ್, ಯಾರೋ ಗೀಚಿದ್ದಾರೆ, ಅಳಿಸ್ಲಾ?" ಬೇಡಪ್ಪಾ ಅಂದೆ. ಆಮೇಲೆ ಕೆಂಪು ಬೆನ್ನು, ಕೆಳಗೆ ಕೊಕ್ಕಿನ ಕಪ್ಪು ತುದಿ, ದೂರದಲ್ಲಿ ಬೆರಳುದ್ದದ ಇನ್ನಷ್ಟು ಫ್ಲೆಮಿಂಗೋಗಳು. ಲಂಡನ್ನಿನ ರಾಬರ್ಟ್ ಹ್ಯಾವೆಲ್‌ನ ಕಾರ್ಖಾನೆಯಲ್ಲಿ ಇದನ್ನು ತಾಮ್ರದ ತಗಡಿನಿಂದ ಕಪ್ಪಿನಲ್ಲಿ ಒತ್ತಿ, ಪ್ರತಿಯೊಂದಕ್ಕೂ ಕೈಯಲ್ಲೇ ಬಣ್ಣ ತುಂಬಿದ್ದರು. ನಮ್ಮದು ಏಳೆಂಟು ನಿಮಿಷದಲ್ಲಿ ಮುಗಿಯಿತು.

ಹುಡುಗ ಹಾಳೆಯನ್ನು ಮೇಜಿನ ಮೇಲೆ ಹರಡಿದ. ಒಂದು ಗಳಿಗೆ ಸುಮ್ನೆ ನೋಡಿದ. ಆಮೇಲೆ ಜೇಬಿನಿಂದ ಟೇಪು ತೆಗೆದು ಹಕ್ಕಿಯ ಕಾಲಿನಿಂದ ಮೈ ದಾಟಿ, ಕತ್ತಿನ ಡೊಂಕಿಗೆ ಒತ್ತಿ ಒತ್ತಿ ಕೊಕ್ಕಿನವರೆಗೆ ಅಳೆದ. ಅಷ್ಟೇ ಉದ್ದವನ್ನು ಹಾಳೆಯ ಬುಡದಿಂದ ನೇರಕ್ಕೆ ಎಳೆದ. ಟೇಪು ಹಾಳೆ ದಾಟಿ, ಪಕ್ಕದ ಬ್ಯಾನರಿನ ಮೇಲೆ ಹೋಯಿತು.

"ಲೀಡರ್ ಮೀಸೆಗೆ ಬರುತ್ತೆ ಸಾರ್" ಅಂದ.